ತಂಗಿಯ ಪುಟದ ‘ಇಂದಿನವರೆಗೆ’

ಚಿತ್ರ ಬಂದದ್ದು ನಮ್ಮ ಲಂಡನ್ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ. ನಾನು ವೆಂಬ್ಲಿ ಪಾರ್ಕಿನಲ್ಲಿ ಟ್ಯೂಬ್ ರೈಲು ಬದಲಾಯಿಸಿ ಅಕ್ಸ್‌ಬ್ರಿಡ್ಜಿನ ಗಾಡಿ ಹತ್ತಿದ್ದೆ. ಪುಣ್ಯಕ್ಕೆ ಸೀಟೂ ಸಿಕ್ಕಿತ್ತು. ಆಫೀಸು ಮುಟ್ಟುವ ತನಕ ಯಾರ ಕಾಟವೂ ಇಲ್ಲವೆಂದು ಫೋನು ತೆಗೆದೆ. ಯಾರೋ ಕನ್ನಡದ ಅಂತರ್ಜಾಲ ವಿಶ್ವಕೋಶದ ಒಂದು ಪುಟದ ಚಿತ್ರ ಹಿಡಿದು, ಎರಡು ಸಾಲುಗಳಿಗೆ ಕೆಂಪು ಗೆರೆ ಎಳೆದು ಹಾಕಿದ್ದರು. ಮೊದಲ ಸಾಲಿನಲ್ಲಿ ಒಬ್ಬ ಸೈಕಲ್ ಕ್ರೀಡಾಪಟು ತೀರಿಕೊಂಡ ದಿನಾಂಕ. ಅದರ ಕೆಳಗೆ ‘ಸ್ಪರ್ಧೆಯ ಅವಧಿ’ ಎಂಬಲ್ಲಿ ಆಕೆ ಶುರು ಮಾಡಿದ ವರ್ಷ, ಒಂದು ಅಡ್ಡಗೆರೆ, ಮುಂದೆ ‘ಇಂದಿನವರೆಗೆ’. ಸತ್ತ ಮೇಲೂ ಸೈಕಲ್ ಬಿಡದ ಕ್ರೀಡಾಪಟು, ನೋಡಿರಪ್ಪಾ ನಮ್ಮ ಕನ್ನಡದ ಜ್ಞಾನಭಂಡಾರ ಎಂದು ಬರೆದಿದ್ದರು. ಕೆಳಗೆ ನಗುವ ಮುಖಗಳು ಸಾಲಾಗಿ ಬಂದು ಬೀಳುತ್ತಿದ್ದವು.

ಆ ಪುಟ ನನ್ನ ತಂಗಿಯದು.

ಗುಂಪಿನಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ನನ್ನದು ಮದುವೆಯ ನಂತರದ ಹೆಸರು, ಗಂಡ ಕುಂದಾಪುರದ ಕಡೆಯವರು, ಹಾಗಾಗಿ ವಿಜಯಪುರದವಳಾದ ನನ್ನನ್ನೂ ಎಲ್ಲರೂ ಕರಾವಳಿಯವಳೆಂದೇ ತಿಳಿದಿದ್ದಾರೆ. ಸಿಟ್ಟು ನೆತ್ತಿಗೇರಿತು. ಚೆನ್ನಾಗಿ ಬೈದು ಒಂದು ಸಂದೇಶ ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ. ಅವರು ತೋರಿಸಿದ್ದು ಸುಳ್ಳೇನೂ ಅಲ್ಲ. ತಪ್ಪು ಅಲ್ಲಿ ಕಣ್ಣಿಗೆ ಹೊಡೆಯುವಂತೆ ಕೂತಿತ್ತು. ಅದನ್ನು ಸರಿಪಡಿಸುವ ಅಧಿಕಾರ ಇದ್ದದ್ದು ಇಬ್ಬರಿಗೆ, ಅವರಲ್ಲಿ ನಾನೊಬ್ಬಳು.

ಈ ವಿಶ್ವಕೋಶ ಎಲ್ಲರೂ ಸೇರಿ ಬರೆಯುವಂಥದ್ದು. ಸಂಬಳವಿಲ್ಲ, ಹೆಸರಿಲ್ಲ, ತಪ್ಪು ಮಾಡಿದರೆ ಬೈಗುಳ ಮಾತ್ರ ಧಾರಾಳ. ಪುಟದ ಬಲಕ್ಕೆ ಒಂದು ಪೆಟ್ಟಿಗೆ ಕಾಣುತ್ತದಲ್ಲ, ಭಾವಚಿತ್ರ, ಹುಟ್ಟೂರು, ತಂಡ, ಪದಕ ಎಲ್ಲ ಇರುವಂಥದ್ದು, ಅದನ್ನು ಪ್ರತಿ ಪುಟಕ್ಕೂ ಹೊಸದಾಗಿ ಕಟ್ಟುವುದಿಲ್ಲ. ಸೈಕಲ್ ಸವಾರರಿಗೆಲ್ಲ ಸೇರಿ ಒಂದೇ ಟೆಂಪ್ಲೇಟು. ಪುಟ ಬರೆಯುವವರು ಹೆಸರು, ವರ್ಷ, ಪದಕಗಳನ್ನಷ್ಟೇ ತುಂಬುತ್ತಾರೆ, ಪೆಟ್ಟಿಗೆಯನ್ನು ಟೆಂಪ್ಲೇಟು ಕಟ್ಟಿಕೊಡುತ್ತದೆ. ಅದರಲ್ಲಿ ಒಂದು ಸಾಲು ತಿದ್ದಿದರೆ ಎಲ್ಲ ಸವಾರರ ಪುಟದಲ್ಲೂ ಆ ಸಾಲು ಬದಲಾಗುತ್ತದೆ. ಅದಕ್ಕೇ ಕಂಡಕಂಡವರು ಕೈಯಾಡಿಸದಂತೆ ಬೀಗ ಹಾಕಿಟ್ಟಿರುತ್ತಾರೆ. ಬೀಗದ ಕೈ ಒಂದು ನನ್ನ ಹತ್ತಿರ, ಇನ್ನೊಂದು ಬೆಳಗಾವಿಯ ಒಬ್ಬ ಹಿರಿಯ ಸಂಪಾದಕರ ಹತ್ತಿರ. ನಿವೃತ್ತರು, ಖಡಕ್ ಮನುಷ್ಯ, ನಾನು ಅವರನ್ನು ಮುಖತಃ ಕಂಡವಳಲ್ಲ. ಪ್ರತಿ ಪುಟಕ್ಕೂ ಇರುವ ಚರ್ಚೆಪುಟದಲ್ಲಿ ಜಗಳಾಡಿಯೇ ನಮಗೆ ಸ್ನೇಹವಾಗಿತ್ತು, ಫೋನ್ ನಂಬರು ಕೊಟ್ಟುಕೊಂಡಿದ್ದರೂ ಮಾತಾಡಿರಲಿಲ್ಲ.

ಟೆಂಪ್ಲೇಟನ್ನು ಹಿಂದೆ ಯಾರೋ ಹೊರದೇಶದ ವೃತ್ತಿಪರ ಸವಾರರಿಗಾಗಿ ಮಾಡಿದ್ದ ಒಂದನ್ನು ನೋಡಿ ಕನ್ನಡಕ್ಕೆ ಇಳಿಸಿದ್ದರು. ಅಂಥವರ ಪುಟಗಳನ್ನು ತಿಂಗಳು ತಿಂಗಳು ಯಾರಾದರೂ ತಿದ್ದುತ್ತಿರುತ್ತಾರೆ. ಹಾಗಾಗಿ ಕೊನೆಯ ವರ್ಷ ಖಾಲಿ ಇದ್ದರೆ ಸವಾರ ಇನ್ನೂ ಸ್ಪರ್ಧೆಯಲ್ಲಿದ್ದಾನೆ ಎಂದೇ ಅರ್ಥ ಮಾಡಿಕೊಂಡು ಟೆಂಪ್ಲೇಟು ತಾನಾಗಿ ‘ಇಂದಿನವರೆಗೆ’ ಎಂದು ಸೇರಿಸುತ್ತಿತ್ತು. ನಮ್ಮ ಕಡೆ ಹಾಗಲ್ಲ. ವಿಜಯಪುರದ ಹುಡುಗಿಯೊಬ್ಬಳು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದ ದಿನ ಉತ್ಸಾಹದಿಂದ ಒಂದು ಪುಟ ಬರೆಯುತ್ತಾರೆ. ಆಮೇಲೆ ಆಕೆ ಮೊಣಕಾಲು ಮುರಿದುಕೊಳ್ಳಲಿ, ಮದುವೆಯಾಗಲಿ, ರೈಲ್ವೆಯಲ್ಲಿ ಗುಮಾಸ್ತೆಯಾಗಲಿ, ಆ ಕಡೆ ತಿರುಗಿಯೂ ನೋಡುವವರಿಲ್ಲ. ಟೆಂಪ್ಲೇಟಿನ ಪ್ರಕಾರ ನಮ್ಮ ಜಿಲ್ಲೆಯ ಯಾವ ಹುಡುಗಿಯೂ ಸೈಕಲ್ಲಿನಿಂದ ಇಳಿದಿರಲಿಲ್ಲ.

ಇಳಿಯುವ ಮಾತಿಗೆ ನಮ್ಮ ಮನೆಯಲ್ಲಿ ಬೇರೆ ತೂಕವಿದೆ. ತಂಗಿ ಕ್ರೀಡಾ ವಸತಿ ನಿಲಯ ಸೇರಿದ ಮೇಲೆ ದಿನಾ ನಸುಕಿನಲ್ಲಿ ಹೆದ್ದಾರಿಯಲ್ಲಿ ಅಭ್ಯಾಸ. ಅವ್ವನಿಗೆ ಲಾರಿಗಳ ಭಯ. ಅದಕ್ಕೆ ಇಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದರು. ಅಭ್ಯಾಸ ಮುಗಿದು ಸೈಕಲ್ಲನ್ನು ಗೋಡೆಗೆ ಒರಗಿಸಿದ ಕೂಡಲೇ ತಂಗಿ ಫೋನು ಮಾಡಿ “ಯವ್ವಾ, ಇಳದೀನಿ” ಅನ್ನಬೇಕು. ಅಷ್ಟೇ ಮಾತು, ಫೋನು ಇಡುವುದು. ಆ ಫೋನು ಬಂದ ಮೇಲೆಯೇ ಅವ್ವ ಚಹಾ ಕುಡಿಯುತ್ತಿದ್ದಳು. ಮನೆಗೆ ಯಾರೇ ಬಂದಿರಲಿ, ಎಷ್ಟೇ ತಲೆನೋವಿರಲಿ, ಅದಕ್ಕಿಂತ ಮೊದಲು ಒಂದು ಗುಟುಕೂ ಇಲ್ಲ. ಒಂದು ದಿನ ಆ ಫೋನು ಬರಲಿಲ್ಲ. ಬಂದದ್ದು ಕೋಚ್ ಮಾಡಿದ ಫೋನು.

ನಾನು ಆಗ ಲಂಡನ್ನಿನಲ್ಲಿದ್ದೆ. ವಿಮಾನ ಹಿಡಿದು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಹೋದ ಮೇಲೆ ಅವ್ವನನ್ನು ಕಿಂಗ್ಸ್‌ಬರಿಯ ನಮ್ಮ ಫ್ಲ್ಯಾಟಿಗೆ ಕರೆತಂದೆ. ಆಕೆಗೆ ಇಲ್ಲಿ ಹೇಳಿಕೊಳ್ಳುವಂಥ ತೊಂದರೆ ಇಲ್ಲ. ಈಲಿಂಗ್ ರೋಡಿನಲ್ಲಿ ಜೋಳದ ಹಿಟ್ಟು ಸಿಗುತ್ತದೆ, ಜಿಪಿ ಡಾಕ್ಟರ ಹತ್ತಿರ ಮಾತಾಡಲು ನಾನಿದ್ದೇನೆ, ಮೊಸರಿಗೆ ಹುಳಿ ಸಾಲದು ಎಂಬ ದೂರು ಬಿಟ್ಟರೆ ಬೇರೆ ದೂರಿಲ್ಲ. ಭಾನುವಾರ ಬೆಳಿಗ್ಗೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಬಿಗಿ ಬಟ್ಟೆ ತೊಟ್ಟು ಗುಂಪಾಗಿ ಹೋಗುವ ಸೈಕಲ್ ಸವಾರರನ್ನು ನೋಡುತ್ತಾಳೆ. ಆ ದಪ್ಪನೆಯವನು ಸೀಟು ಎತ್ತರ ಇಟ್ಟುಕೊಂಡಿದ್ದಾನೆ, ಸೊಂಟ ಹೋಗುತ್ತದೆ ಎಂದು ನನ್ನ ಗಂಡನಿಗೆ ಹೇಳುತ್ತಾಳೆ. ಅವರು ಹೋಟೆಲ್ ಕೆಲಸದಿಂದ ದಣಿದು ಮಲಗಿದ್ದರೂ ಎದ್ದು ಬಂದು ನೋಡಿ, ಹೌದು ಅತ್ತೆ ಅನ್ನುತ್ತಾರೆ.

ಅವ್ವನ ಟ್ಯಾಬ್ಲೆಟ್ಟಿನಲ್ಲಿ ತಂಗಿಯ ಪುಟವನ್ನು ಒಂದೇ ಒತ್ತಿಗೆ ತೆರೆಯುವಂತೆ ನಾನೇ ಇಟ್ಟುಕೊಟ್ಟಿದ್ದೆ. ಪುಟ ಬರೆದದ್ದು ನಾನಲ್ಲ, ಯಾರೋ ಅಪರಿಚಿತ ಪುಣ್ಯಾತ್ಮರು. ನಮ್ಮಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿದೆ. ಸ್ವಂತದವರ ಪುಟವನ್ನು ನಾವು ಮುಟ್ಟುವಂತಿಲ್ಲ. ಗಂಡ, ತಂಗಿ, ಮಾಲೀಕ, ಯಾರೇ ಆಗಲಿ, ಅವರ ಪುಟದಲ್ಲಿ ಏನಾದರೂ ತಿದ್ದಬೇಕಿದ್ದರೆ ಚರ್ಚೆಪುಟದಲ್ಲಿ ಸಂಬಂಧ ಹೇಳಿಕೊಂಡು, ಆಧಾರ ತೋರಿಸಿ, ಬೇರೊಬ್ಬರು ತಿದ್ದಿ ಎಂದು ಕೇಳಬೇಕು. ನಾನು ಕೇಳಿರಲಿಲ್ಲ. ಅಲ್ಲಿ ನಾನೊಂದು ಬಳಕೆದಾರ ಹೆಸರು ಮಾತ್ರ, ಹಿಂದೆ ಯಾರೂ ಇಲ್ಲದವಳು. ಹಾಗಿರುವುದು ನನಗೂ ಹಿತವಾಗಿತ್ತು.

ಆ ಸಂಜೆ ಮನೆಗೆ ಬಂದು ಅವ್ವನಿಗೆ ಹೇಳಿದೆ, ಪುಟದಲ್ಲೊಂದು ತಪ್ಪಿದೆ, ತಿದ್ದಿಸುತ್ತೇನೆ ಎಂದು. ಯಾವುದು ಎಂದು ಕೇಳಿದಳು. ತೋರಿಸಿದೆ. ಅದು ಆಕೆಗೆ ಮೊದಲೇ ಗೊತ್ತಿತ್ತು. ದಿನಾ ಓದುವವಳಿಗೆ ಗೊತ್ತಿರದೆ ಏನು.

“ಹಂಗ ಇರ್ಲಿ ಬಿಡವಾ,” ಅಂದಳು. “ಎಲ್ಲಾ ಕಡೆ ಸತ್ತಾಳ ಅಂತ ಬರದಾರ. ಅದೊಂದ ಕಡೆ ಇನ್ನೂ ಸೈಕಲ್ ಹೊಡ್ಯಾಕತ್ತಾಳ. ನಿಮಗೇನ ತ್ರಾಸ?”

ಅಷ್ಟು ಹೇಳಿ ಆಕೆ ರೊಟ್ಟಿ ಬಡಿಯಲು ಹೋದಳು, ನಾನು ಬಟ್ಟೆ ಬದಲಿಸಲು ಹೋದೆ.

ಆ ಚಿತ್ರ ಬೆಳಗಾವಿಗೂ ತಲುಪಿತ್ತು. ಹಿರಿಯರು ಚರ್ಚೆಪುಟದಲ್ಲಿ ಖಾರವಾಗಿ ಬರೆದಿದ್ದರು, ಇದು ನಗೆಪಾಟಲಿನ ವಿಷಯ, ಸತ್ತವರನ್ನು ಓಡಿಸುವ ಈ ಸಾಲನ್ನು ಕೂಡಲೇ ತೆಗೆಯಬೇಕು, ತಾಂತ್ರಿಕ ಕೆಲಸ ಮೇಡಂ ಮಾಡಲಿ ಎಂದು. ಟೆಂಪ್ಲೇಟಿನ ಒಳಗಿನ ಭಾಷೆ ನನಗೆ ಅವರಿಗಿಂತ ಹೆಚ್ಚು ಬರುತ್ತದೆ. ನಾನು ಆಫೀಸಿನ ಕೆಲಸ ಜಾಸ್ತಿ, ನೋಡೋಣ ಎಂದು ಬರೆದೆ. ಅವರು ನೆನಪಿಸಿದರು. ನಾನು ಮತ್ತೆ ನೋಡೋಣ ಎಂದೆ. ಸುಳ್ಳು ನೆಪ, ಅವರಿಗೂ ಅನುಮಾನ ಬಂದಿರಬೇಕು. ಬೇರೆ ಟೆಂಪ್ಲೇಟುಗಳಲ್ಲಿ ಅಲ್ಪವಿರಾಮ ತಪ್ಪಿದರೂ ಕೂಗಾಡುವವಳು ಈಗ ಬಾಯಿ ಮುಚ್ಚಿ ಕೂತಿದ್ದೆ.

ಹೀಗೇ ದಿನ ತಳ್ಳುತ್ತಿದ್ದಾಗ ಟೆಂಪ್ಲೇಟಿನ ಚರ್ಚೆಪುಟದಲ್ಲಿ ಒಂದು ಹೊಸ ಸಂದೇಶ ಬಂತು. ಬರೆದವಳು ಅಂಥದೇ ಒಂದು ಪುಟದ ಸವಾರೆ. ತಾನು ಸೈಕಲ್ ಬಿಟ್ಟು ಬಹಳ ಕಾಲವಾಯಿತು, ಮೊಣಕಾಲಿನ ಆಪರೇಷನ್ ಆಗಿದೆ, ಈಗ ಮೆಟ್ಟಿಲು ಹತ್ತುವುದೂ ಕಷ್ಟ. ಪುಟ ನೋಡಿದವರೆಲ್ಲ ಮುಂದಿನ ರೇಸು ಯಾವುದು ಅಂತ ಕೇಳುತ್ತಾರೆ. ಮೊದಮೊದಲು ನಗುತ್ತಿದ್ದೆ, ಈಗ ಅಳು ಬರುತ್ತದೆ, ದಯವಿಟ್ಟು ಅದನ್ನು ತೆಗೆಯಿರಿ ಎಂದು ಬರೆದಿದ್ದಳು. ಹೆಸರು ನೋಡಿದ ಕೂಡಲೇ ಗುರುತು ಸಿಕ್ಕಿತು. ವಸತಿ ನಿಲಯದಲ್ಲಿ ನನ್ನ ತಂಗಿಯ ಕೋಣೆಯಲ್ಲೇ ಇದ್ದ ಹುಡುಗಿ. ರಜೆಗೆ ನಮ್ಮ ಮನೆಗೂ ಬಂದಿದ್ದಳು. ಅವ್ವನ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನೇ ಹೊತ್ತುಕೊಂಡು ಹೋದವಳು.

ಆಕೆಗೆ ನೋಡೋಣ ಎಂದು ಬರೆಯಲು ನನ್ನ ಕೈ ಏಳಲಿಲ್ಲ. ಅವ್ವನಿಗೆ ಏನೂ ಹೇಳದೆ ಕೆಲಸ ಶುರು ಮಾಡಿದೆ.

ಟೆಂಪ್ಲೇಟನ್ನು ನೇರವಾಗಿ ತಿದ್ದುವುದಿಲ್ಲ. ಮೊದಲು ಅದರ ನಕಲನ್ನು ಪ್ರಯೋಗಪುಟಕ್ಕೆ ಹಾಕಿ, ಅಲ್ಲಿ ತಿದ್ದಿ, ಪಕ್ಕದಲ್ಲಿ ಹಳೆಯದು ಹೊಸದು ಎರಡನ್ನೂ ಇಟ್ಟು ಹೋಲಿಸುತ್ತೇವೆ. ಹೋಗುತ್ತಾ ಬರುತ್ತಾ ಟ್ಯೂಬಿನಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಮಾಡಿದೆ. ಕೈ ಹಾಕಿದ್ದೇನೆ, ಪೂರ್ತಿಯಾಗಿಯೇ ಮಾಡೋಣ ಅನಿಸಿತು. ಹಳೆಯ ಪೆಟ್ಟಿಗೆಯಲ್ಲಿ ವೃತ್ತಿಪರ ತಂಡ, ಸವಾರಿಯ ಶೈಲಿ ಎಂದೆಲ್ಲ ಸಾಲುಗಳಿದ್ದವು, ನಮ್ಮ ಹುಡುಗಿಯರಿಗೆ ಅವು ಖಾಲಿಯೇ. ತರಬೇತಿ ಪಡೆದ ವಸತಿ ನಿಲಯ, ತರಬೇತುದಾರರು, ರಾಜ್ಯ ಅಥವಾ ಇಲಾಖೆಯ ತಂಡ ಎಂಬ ಸಾಲುಗಳನ್ನು ಸೇರಿಸಿದೆ. ತುಂಬದಿದ್ದರೆ ಸಾಲೇ ಕಾಣದಂತೆ ಷರತ್ತು ಹಾಕಿದೆ. ಕೊನೆಗೆ ಆ ಅವಧಿಯ ಸಾಲಿಗೆ ಬಂದೆ.

ಹಿರಿಯರ ಸಲಹೆ ಸರಳವಾಗಿತ್ತು. ಕೊನೆಯ ವರ್ಷ ಖಾಲಿಯಿದ್ದು ಮರಣದ ದಿನಾಂಕ ಇದ್ದರೆ, ಅದರ ವರ್ಷವನ್ನೇ ಟೆಂಪ್ಲೇಟು ಎತ್ತಿಕೊಳ್ಳಲಿ. ನಾನು ಒಪ್ಪಲಿಲ್ಲ. ಮುಪ್ಪಿನಲ್ಲಿ ಮನೆಯಲ್ಲಿ ಮಲಗಿ ತೀರಿಕೊಂಡ ಹಳೆಯ ಸವಾರರೂ ಇದ್ದಾರೆ, ಅವರೆಲ್ಲ ಸಾಯುವ ದಿನದವರೆಗೆ ರೇಸು ಹೊಡೆದಂತೆ ಆಗುತ್ತದೆ. ಗೊತ್ತಿಲ್ಲದ್ದನ್ನು ಟೆಂಪ್ಲೇಟು ಊಹಿಸಬಾರದು, ಶುರುವಾದ ವರ್ಷವನ್ನಷ್ಟೇ ತೋರಿಸಿ ಸುಮ್ಮನಿರಲಿ, ಕೊನೆಯ ವರ್ಷವನ್ನು ಆಧಾರ ನೋಡಿ ಮನುಷ್ಯರೇ ತುಂಬಲಿ ಎಂದು ವಾದಿಸಿದೆ. ಅವರು ಎರಡು ದಿನ ಮುನಿಸಿಕೊಂಡು ಆಮೇಲೆ ಒಪ್ಪಿದರು. ನನ್ನ ವಾದ ಸರಿಯೇ ಇತ್ತು. ಆದರೆ ಹಾಗೆ ಮಾಡಿದರೆ ತಂಗಿಯ ಪುಟದಲ್ಲಿ ಕೊನೆಯ ವರ್ಷವನ್ನು ಯಾರಾದರೂ ಕೈಯಾರೆ ಬರೆಯಬೇಕಾಗುತ್ತದೆ ಎಂಬುದು ನನಗೆ ಗೊತ್ತಿತ್ತು. ಸದ್ಯಕ್ಕೆ ಅದು ಖಾಲಿ ಇರುತ್ತದಲ್ಲ, ಅಷ್ಟೇ ಸಮಾಧಾನ.

ಶನಿವಾರ ಬೆಳಿಗ್ಗೆ ಅವ್ವ ಸ್ನಾನಕ್ಕೆ ಹೋದಾಗ ಪ್ರಯೋಗಪುಟದಿಂದ ನಕಲು ಮಾಡಿ ನಿಜವಾದ ಟೆಂಪ್ಲೇಟಿಗೆ ಅಂಟಿಸಿ ಉಳಿಸಿದೆ. ಅವಸರದಲ್ಲಿ ಕೊನೆಯ ಸಾಲು ನಕಲಾಗಿರಲಿಲ್ಲ. ಅದರಲ್ಲಿದ್ದದ್ದು ಮುಚ್ಚುವ ಕರ್ಲಿ ಬ್ರ್ಯಾಕೆಟ್ಟುಗಳು ಮಾತ್ರ. ಅವು ಇಲ್ಲದಿದ್ದರೆ ಎಲ್ಲಿ ನಿಲ್ಲಬೇಕೆಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಸವಾರರ ಪುಟ ಒಂದೊಂದಾಗಿ ತೆರೆದು ನೋಡುತ್ತೇನೆ, ಪೆಟ್ಟಿಗೆಯಿಲ್ಲ, ಭಾವಚಿತ್ರವಿಲ್ಲ, ಬರೀ ಬ್ರ್ಯಾಕೆಟ್ಟು, ಅಡ್ಡಗೆರೆ, ಅರ್ಥವಿಲ್ಲದ ಅಕ್ಷರಗಳ ರಾಶಿ. ತಕ್ಷಣ ಹಿಂದಿನ ಆವೃತ್ತಿಗೆ ಮರಳಿಸಿದೆ. ಆದರೆ ಮರಳಿಸಿದ್ದು ಎಲ್ಲ ಪುಟಕ್ಕೂ ಒಮ್ಮೆಲೇ ತಲುಪುವುದಿಲ್ಲ. ಸರ್ವರು ಪುಟಗಳನ್ನು ಸರದಿಯ ಮೇಲೆ ಮತ್ತೆ ಕಟ್ಟುತ್ತದೆ. ಸರದಿ ಬರುವ ತನಕ ಕೆಟ್ಟದ್ದು ಕೆಟ್ಟೇ ಇರುತ್ತದೆ, ಇಲ್ಲವೇ ಒಂದೊಂದನ್ನೇ ನಾವು ರಿಫ್ರೆಶ್ ಒತ್ತಿ ತಾಜಾ ಮಾಡಬೇಕು. ನಾನು ಮೊದಲಿನಿಂದ ಮಾಡುತ್ತಾ ಬರುತ್ತಿದ್ದೆ.

ಒಳಕೋಣೆಯಿಂದ ಅವ್ವ ಕರೆದಳು. ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಟ್ಯಾಬ್ಲೆಟ್ಟು.

“ಎಲ್ಲಿ ಹ್ವಾದಳು?” ಅಂದಳು. “ಇಲ್ಲೇ ಇದ್ದಳು. ಫೋಟೋನೂ ಇಲ್ಲ.”

ಬೆರಳಿನಿಂದ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸಿ ಹುಡುಕುತ್ತಿದ್ದಳು. ಟ್ಯಾಬ್ಲೆಟ್ಟು ಇಸಿದುಕೊಂಡು ಪುಟವನ್ನು ತಾಜಾ ಮಾಡಿದೆ. ಹಸಿರು ಜೆರ್ಸಿಯ ತಂಗಿ, ಕೊರಳಲ್ಲಿ ಪದಕ, ಮತ್ತೆ ಬಂದಳು. ಕೆಳಗೆ ಅದೇ ಹಳೆಯ ‘ಇಂದಿನವರೆಗೆ’. ಅವ್ವನ ಪಕ್ಕ ಕೂತು ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ ಎಲ್ಲ ಹೇಳಿದೆ. ನಾನು ಕದ್ದು ತಿದ್ದಲು ಹೋದದ್ದು, ಬ್ರ್ಯಾಕೆಟ್ಟು ಬಿಟ್ಟದ್ದು, ಎಲ್ಲ. ಬೇಡವೆಂದರೆ ಈ ಕೆಲಸದಿಂದಲೇ ಹಿಂದೆ ಸರಿಯುತ್ತೇನೆ, ಬೇರೆಯವರು ಏನಾದರೂ ಮಾಡಿಕೊಳ್ಳಲಿ ಅಂದೆ. ಚಟ್ನಿಪುಡಿಯ ಡಬ್ಬಿ ಒಯ್ದ ಹುಡುಗಿ ಬರೆದದ್ದನ್ನೂ ಓದಿ ಹೇಳಿದೆ.

ಅವ್ವನಿಗೆ ಆಕೆ ಚೆನ್ನಾಗಿ ನೆನಪಿದ್ದಳು. ಮೊಣಕಾಲಿನ ಮಾತು ಬಂದಾಗ ತನ್ನ ಮೊಣಕಾಲನ್ನು ತಾನೇ ಹಿಡಿದುಕೊಂಡಳು. ಇಬ್ಬರೂ ಅಭ್ಯಾಸಕ್ಕೆ ಜೋಡಿಯಾಗಿಯೇ ಹೋಗುತ್ತಿದ್ದರು, ಗಾಳಿ ಎದುರಾದರೆ ಒಬ್ಬಳು ಮುಂದೆ, ಒಬ್ಬಳು ಅವಳ ಮರೆಯಲ್ಲಿ ಎಂದು ತಂಗಿ ಹೇಳುತ್ತಿದ್ದುದನ್ನು ನೆನೆಸಿಕೊಂಡಳು. ಆ ದಿನ ಆ ಹುಡುಗಿಗೆ ಜ್ವರವಿತ್ತು, ಅದಕ್ಕೇ ನಮ್ಮವಳು ಒಬ್ಬಳೇ ಹೋದದ್ದು. ಇದನ್ನು ನಾವಿಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ, ಅವತ್ತೂ ಆಡಲಿಲ್ಲ. ಅವ್ವ ತಲೆಯ ಟವೆಲ್ ಬಿಚ್ಚಿದಳು.

“ಪಾಪ, ಆಕಿನ್ನ ಇಳಸವಾ,” ಅಂದಳು. “ಎಷ್ಟ ವರ್ಷ ಅಂತ ತುಳೀತಾಳ. ಆಕಿ ಜೋಡಿ ಈಕಿನ್ನೂ ಇಳಸು.”

ಅವತ್ತು ಮಧ್ಯಾಹ್ನ ಕೊನೆಯ ಸಾಲಿನ ಸಮೇತ ನಕಲು ಮಾಡಿ, ಬ್ರ್ಯಾಕೆಟ್ಟುಗಳನ್ನು ಬೆರಳಿಟ್ಟು ನೋಡಿಕೊಂಡು ಉಳಿಸಿದೆ. ಪೆಟ್ಟಿಗೆಗಳು ಸರಿಯಾಗಿ ನಿಂತವು. ಮೊಣಕಾಲಿನ ಹುಡುಗಿಯ ಪುಟವನ್ನು ಮೊದಲು ತಾಜಾ ಮಾಡಿದೆ. ‘ಇಂದಿನವರೆಗೆ’ ಹೋಗಿತ್ತು. ಆಕೆ ಕೊಟ್ಟಿದ್ದ ಪತ್ರಿಕಾ ವರದಿ ನೋಡಿ ಕೊನೆಯ ವರ್ಷವನ್ನೂ ತುಂಬಿ, ಆಗಿದೆ ಎಂದು ಉತ್ತರ ಬರೆದೆ. ಹೊಸ ಸಾಲಿನಲ್ಲಿ ವಸತಿ ನಿಲಯದ ಹೆಸರನ್ನೂ ಹಾಕಿದೆ.

ಇನ್ನು ಉಳಿದದ್ದು ಒಂದು ಪುಟ. ಅದಕ್ಕೆ ನಾನು ಕೈ ಹಚ್ಚುವಂತಿಲ್ಲ. ಬೇರೆ ಹೆಸರಿನಲ್ಲಿ ಬಂದು ತಿದ್ದಿದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಆ ಯೋಚನೆ ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ತಂಗಿಯ ವಿಷಯದಲ್ಲಿ ಕಳ್ಳಿಯಂತೆ ನಡೆದುಕೊಳ್ಳುವುದು ಒಮ್ಮೆ ಆಗಿತ್ತು, ಸಾಕಾಗಿತ್ತು. ಆಕೆಯ ಪುಟದ ಚರ್ಚೆಪುಟ ತೆರೆದೆ. ಕೊನೆಯ ವರ್ಷವಾಗಿ ಮರಣದ ವರ್ಷವನ್ನೇ ತುಂಬಬೇಕೆಂದು ಕೋರುತ್ತೇನೆ, ಅಭ್ಯಾಸದ ವೇಳೆಯಲ್ಲೇ ತೀರಿಕೊಂಡಳೆಂದು ಪತ್ರಿಕೆಯಲ್ಲಿ ಬಂದಿದೆ ಎಂದು ಆಧಾರ ಕೊಟ್ಟೆ. ಕೆಳಗೆ ಸಂಬಂಧ ಹೇಳಿಕೊಳ್ಳುವ ಸಾಲಿನಲ್ಲಿ, ಈಕೆ ನನ್ನ ಒಡಹುಟ್ಟಿದ ತಂಗಿ ಎಂದು ಬರೆದೆ. ಇಷ್ಟು ವರ್ಷ ಅಲ್ಲಿ ಏನೇನೋ ಬರೆದಿದ್ದೆ, ಆ ಒಂದು ವಾಕ್ಯಕ್ಕೆ ಆದಷ್ಟು ಹೊತ್ತು ಯಾವುದಕ್ಕೂ ಆಗಿರಲಿಲ್ಲ.

ಬೆಳಗಾವಿಯಿಂದ ಉತ್ತರ ಬರಲಿಲ್ಲ, ಫೋನೇ ಬಂತು. ಮೊದಲ ಸಲ ಅವರ ಧ್ವನಿ ಕೇಳಿದೆ. ಚರ್ಚೆಪುಟದಲ್ಲಿ ಪುಸ್ತಕದ ಕನ್ನಡ ಬರೆಯುವವರು, ಮಾತಾಡಿದ್ದು ನಮ್ಮ ಕಡೆಯ ಮಾತು.

“ಮೇಡಂ, ಸತ್ತವರನ್ನ ಓಡಿಸ್ತದ ಅಂತೆಲ್ಲ ಬರದ್ನಲ್ಲ ನಾನು. ಗೊತ್ತಿರ್ಲಿಲ್ರೀ,” ಅಂದರು. ಅವರ ತಪ್ಪೇನೂ ಇಲ್ಲವೆಂದು ಹೇಳಿದೆ. ಅವ್ವ ದಿನಾ ಆ ಪುಟ ತೆರೆದು ನೋಡುತ್ತಾಳೆಂದೂ ಹೇಳಿದೆ. ಆಮೇಲೆ ಅವರು ಅಂದರು, “ನಿಮ್ಮ ತಾಯಿಯವರು ನೋಡ್ತಾರಂದ್ರಲ್ಲ. ಅವರು ಕೂತ ಮ್ಯಾಲೆ ಹೇಳ್ರಿ, ಆವಾಗ ಒತ್ತತೀನಿ. ನಾ ಇಲ್ಲೇ ಇರ್ತೀನಿ.”

ಮರುದಿನ ಭಾನುವಾರ. ಕಿಟಕಿಯ ಕೆಳಗೆ ಸವಾರರ ಗುಂಪು ಆಗಲೇ ಹೋಗಿ ಆಗಿತ್ತು. ಅವ್ವ ತಲೆ ಬಾಚಿಕೊಂಡು, ಕನ್ನಡಕ ಹಾಕಿಕೊಂಡು, ಯಾರನ್ನೋ ಬೀಳ್ಕೊಡಲು ಹೊರಟವಳಂತೆ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತಳು. ಗಂಡ ಎದ್ದು ಬಂದು ಕುರ್ಚಿಯ ಹಿಂದೆ ನಿಂತರು. ನಾನು ಬೆಳಗಾವಿಗೆ ಹೂಂ ಎಂದು ಸಂದೇಶ ಕಳಿಸಿದೆ. ಆಗಿದೆ ಎಂದು ಅಲ್ಲಿಂದ ಬಂತು. ಅವ್ವನ ಬೆರಳನ್ನು ಹಿಡಿದು ಪುಟವನ್ನು ತಾಜಾ ಮಾಡಿಸಿದೆ.

ಅದೇ ಹಸಿರು ಜೆರ್ಸಿ, ಅದೇ ಪದಕ. ಕೆಳಗೆ ವಸತಿ ನಿಲಯದ ಹೆಸರು, ತರಬೇತುದಾರರ ಹೆಸರು ಹೊಸದಾಗಿ ಬಂದಿದ್ದವು. ಅವನ್ನು ಹಿರಿಯರು ನಾನು ಕೇಳದೆಯೇ ಹುಡುಕಿ ತುಂಬಿದ್ದರು. ಅವಧಿಯ ಸಾಲಿನಲ್ಲಿ ಒಂದು ವರ್ಷ, ಅಡ್ಡಗೆರೆ, ಇನ್ನೊಂದು ವರ್ಷ. ನಡುವಿನ ಅಂತರ ಎಷ್ಟು ಚಿಕ್ಕದೆಂದು ನನಗೆ ಹೊಳೆದದ್ದು ಅವತ್ತೇ.

ಅವ್ವ ಆ ಸಾಲನ್ನು ತುಟಿಯಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ಟ್ಯಾಬ್ಲೆಟ್ಟನ್ನು ಮಡಿಲಲ್ಲಿ ಅಂಗಾತ ಇಟ್ಟು, ಎರಡೂ ಕೈಯನ್ನು ಅದರ ಮೇಲೆ ಇಟ್ಟುಕೊಂಡಳು.

“ಇಳದಾಳ,” ಅಂದಳು.

ನನ್ನ ಕಡೆ ತಿರುಗಿ, ಚಹಾಕ್ಕೆ ಇಡು ಅಂದಳು. ನಾನು ಒಳಗೆ ಹೋಗಿ ನೀರಿಟ್ಟೆ.